ಹೆಡ್ ಮಿಷನ್ನಿಗೆ ಹೊದಿಸಿದ ರೇಷ್ಮೆ

ಸೋಮವಾರ ಬೆಳಿಗ್ಗೆ ಪ್ರಿನ್ಸಿಪಾಲರ ಕೋಣೆಗೆ ಹೋದ ಗಂಗಾದೇವಿ ಕುರ್ಚಿಯ ತುದಿಯಲ್ಲಿ ಕೂತಳು. ಕೂತವಳು ಎರಡು ಸಲ ಎದ್ದು ಫ್ಯಾನಿನ ರೆಗ್ಯುಲೇಟರು ತಿರುಗಿಸಿದಳು. ಮೊದಲನೇ ಸಲ ಜೋರು ಮಾಡಿದಳು, ಎರಡನೇ ಸಲ ಕಡಿಮೆ ಮಾಡಿದಳು.

"ಫ್ಯಾನು ಏನ್ ತಪ್ಪು ಮಾಡ್ತು ಕಣಮ್ಮ, ಅದರ ಕಿವಿ ಹಂಗೆ ಹಿಂಡ್ತೀಯ?" ಅಂದರು ಪ್ರಿನ್ಸಿಪಾಲ್ ಅಶ್ವತ್ಥಪ್ಪ.

ಅವರು ಅವಳಿಗೆ ಒಂದು ಕಾಲದಲ್ಲಿ ಪಾಠ ಹೇಳಿದ ಮೇಷ್ಟ್ರು. ಹಿಂದೂಪುರದ ಆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಅವರಿಗೆ ಇದು ಕೊನೆಯ ವರ್ಷ. ಮನೆಗೆ ಹೋಗುವ ಮುಂಚೆ ತಮ್ಮ ಕೈಯಿಂದ ಒಂದು ದೊಡ್ಡ ಕೆಲಸ ಆಗಲಿ ಅಂತ ಅವರ ಆಸೆ. ಆ ದೊಡ್ಡ ಕೆಲಸವೇ ಅರವತ್ತನಾಲ್ಕು ಕಂಪ್ಯೂಟರುಗಳನ್ನು ಒಂದೇ ನೊಗಕ್ಕೆ ಕಟ್ಟುವ ಕ್ಲಸ್ಟರು. ಗಾಳಿಯ ಲೆಕ್ಕ, ಮಳೆಯ ಲೆಕ್ಕ, ಸೇತುವೆಯ ಲೆಕ್ಕ, ಒಂಟಿ ಕಂಪ್ಯೂಟರಿಗೆ ವರ್ಷ ಹಿಡಿಯುವಂಥದ್ದನ್ನು ಅರವತ್ತನಾಲ್ಕೂ ಹಂಚಿಕೊಂಡು ವಾರದಲ್ಲಿ ಮುಗಿಸಿಬಿಡುತ್ತವೆ. ಎರಡು ಸಾವಿರದ ಎಂಟನೇ ಇಸವಿಯ ಆಷಾಢ ಅದು. ಹಿಂದೂಪುರದಲ್ಲಿ ಗಾಳಿಗೇನೂ ಬರವಿರಲಿಲ್ಲ.

ಲೆಕ್ಕ ಮಾಡುವ ಅರವತ್ತನಾಲ್ಕು ಯಾವುವು ಅನ್ನುವುದು ಆಗಲೇ ತೀರ್ಮಾನವಾಗಿತ್ತು. ಉಳಿದದ್ದು ಅವುಗಳ ಮುಂದೆ ನಿಲ್ಲುವ ಸರ್ವರುಗಳು. ಜನ ಬಂದು ಹೆಸರು, ಪಾಸ್‌ವರ್ಡು ಕೊಟ್ಟು ಒಳಗೆ ಕಾಲಿಡುವುದಕ್ಕೆ ಲಾಗಿನ್ ಸರ್ವರ್ ಬೇಕು. ಯಾರ ಕೆಲಸ ಮೊದಲು, ಯಾರದು ಆಮೇಲೆ, ಯಾವ ಮಿಷನ್ನು ಮಲಗಿದೆ, ಯಾವುದು ಎದ್ದಿದೆ ಅಂತ ನೋಡಿಕೊಳ್ಳುವುದಕ್ಕೆ ಮ್ಯಾನೇಜ್‌ಮೆಂಟ್ ಸರ್ವರ್ ಬೇಕು. ಎರಡೂ ಕೆಲಸಕ್ಕೆ ಒಂದೇ ಮಿಷನ್ನು ಇರಲೋ, ಬೇರೆ ಬೇರೆ ಇರಲೋ, ಒಂದೊಂದಕ್ಕೂ ಜೋಡಿ ಇರಲೋ? ಗುರುವಾರದ ಕಮಿಟಿಯಲ್ಲಿ ಅದು ಇತ್ಯರ್ಥವಾಗಬೇಕಿತ್ತು. ಕಂಪ್ಯೂಟರ್ ಸೆಂಟರಿನ ಇನ್‌ಚಾರ್ಜ್ ಗಂಗಾದೇವಿ, ಆದ್ದರಿಂದ ರುಜು ಅವಳದು. ಎರಡು ಲಾಗಿನ್, ಎರಡು ಮ್ಯಾನೇಜ್‌ಮೆಂಟ್ ಬೇಕೇ ಬೇಕು ಅಂತ ಅವಳು ಬರೆದುಕೊಂಡು ಬಂದಿದ್ದಳು.

"ನೀನು ನಾಕು ಅಂತೀಯ. ಕಲ್ಯಾಣದುರ್ಗದಿಂದ ಓಬುಳೇಶ್ ಬರೆದವ್ನೆ, ಒಂದೇ ಸಾಕಂತೆ." ಅಶ್ವತ್ಥಪ್ಪನವರು ಎರಡು ಹಾಳೆ ಮುಂದೆ ತಳ್ಳಿದರು. "ಎರಡು ಕೆಲ್ಸಾನೂ ಅದೊಂದೇ ಮಾಡ್ತದಂತೆ. ಮಿಕ್ಕಿದ್ದಕ್ಕೆ ದೊಡ್ಡ ಯುಪಿಎಸ್ಸು, ಒಂದು ಜನರೇಟರು. ಅವ್ನು ಪೆಟ್ಟು ತಿಂದೋನು ಕಣಮ್ಮ. ಪೆಟ್ಟು ತಿಂದೋನ ಮಾತಿಗೆ ತೂಕ ಇರ್ತದೆ."

ಗಂಗಾದೇವಿ ಓದಿದಳು. ಅಚ್ಚುಕಟ್ಟಾದ ಕಾಗದ. ಎರಡನೇ ಹಾಳೆಯ ನಡುವೆ ಹೀಗಿತ್ತು: '೨೦೦೪ರ ಆಯುಧಪೂಜೆಯ ರಾತ್ರಿ ಕರೆಂಟಿನ ಏರಿಳಿತದಿಂದ ಕಲ್ಯಾಣದುರ್ಗದ ಹೆಡ್ ಮಿಷನ್ ನಿಂತು, ಡಿಸ್ಕ್ ಕೆಟ್ಟು, ಇಪ್ಪತ್ತೆರಡು ದಿನದ ಕೆಲಸ ಹಾಳಾಗಿದೆ. ಆಧಾರ: ಲಾಗ್ ಪುಸ್ತಕ, ಪುಟ ೮೧. ಕರೆಂಟು ಭದ್ರವಾಗಿದ್ದರೆ ಒಂದು ಮಿಷನ್ನೇ ಧಾರಾಳ.'

ಎಂಬತ್ತೊಂದನೇ ಪುಟದ ಆ ಸಾಲು ಬರೆದವಳು ಗಂಗಾದೇವಿ. ಆ ಸಾಲು ಸುಳ್ಳು.

*

ನಡೆದದ್ದು ಇಷ್ಟು. ಕಾಲೇಜು ನಡೆಸುವ ಟ್ರಸ್ಟಿನದೇ ಇನ್ನೊಂದು ಸಂಸ್ಥೆ ಕಲ್ಯಾಣದುರ್ಗದಲ್ಲಿತ್ತು, ಗಾಳಿಯ ಅಧ್ಯಯನದ ಕೇಂದ್ರ. ಅಲ್ಲಿ ಹದಿನಾರು ಕಂಪ್ಯೂಟರುಗಳ ಸಣ್ಣ ಕ್ಲಸ್ಟರು, ಅದಕ್ಕೊಂದು ಹೆಡ್ ಮಿಷನ್. ಲಾಗಿನ್ನೂ ಅದೇ, ಮ್ಯಾನೇಜ್‌ಮೆಂಟೂ ಅದೇ, ಎಲ್ಲರ ಫೈಲು ಇರುವುದೂ ಅದರಲ್ಲೇ. ನೋಡಿಕೊಳ್ಳುತ್ತಿದ್ದವಳು ಗಂಗಾದೇವಿ. ಓಬುಳೇಶ್ ಆಗ ಅಲ್ಲಿ ಪಿಎಚ್.ಡಿ. ಮಾಡುತ್ತಿದ್ದ. ಸುತ್ತಲಿನ ಗುಡ್ಡಗಳ ಮೇಲೆ ಗಾಳಿ ಎಲ್ಲಿ ಏರುತ್ತದೆ, ಎಲ್ಲಿ ಮುರಿಯುತ್ತದೆ, ಗಾಳಿಯಂತ್ರ ಎಲ್ಲಿ ನಿಲ್ಲಿಸಿದರೆ ಒಳ್ಳೆಯದು ಅನ್ನುವುದು ಅವನ ವಿಷಯ. ಮೂವತ್ತೊಂದು ದಿನ ಎಡೆಬಿಡದೆ ಓಡಬೇಕಾದ ಲೆಕ್ಕ. ಇಪ್ಪತ್ತೆರಡನೇ ದಿನಕ್ಕೆ ಆಯುಧಪೂಜೆ ಬಂತು.

ಗಂಗಾದೇವಿ ನೇಯ್ಗೆಯ ಮನೆಯಲ್ಲಿ ಹುಟ್ಟಿದವಳು. ಆಯುಧಪೂಜೆಯ ದಿನ ಮಗ್ಗ ಆಡಕೂಡದು, ಲಾಳಿ ಮುಟ್ಟಕೂಡದು. ಹಿಂದಿನ ದಿನವೇ ಮಗ್ಗ ಒರೆಸಿ, ಅರಿಸಿನ ಕುಂಕುಮ ಇಟ್ಟು, ಅದೇ ಮಗ್ಗದಲ್ಲಿ ನೇಯ್ದ ಹೊಸ ಬಟ್ಟೆ ಹೊದಿಸಬೇಕು. ದುಡಿದ ಆಯುಧ ಒಂದು ದಿನ ಮಲಗಬೇಕು. ಕಲ್ಯಾಣದುರ್ಗದಲ್ಲೂ ಅವಳು ವರ್ಷವರ್ಷ ಎಲ್ಲ ಮಿಷನ್ನೂ ನಿಲ್ಲಿಸಿ ಪೂಜೆ ಮಾಡುತ್ತಿದ್ದಳು. ಆ ವರ್ಷ ಓಬುಳೇಶ್ ಕೈ ಮುಗಿದಿದ್ದ. "ಅಕ್ಕಾ, ನಿಲ್ಲಿಸ್ಬ್ಯಾಡಕ್ಕ. ಇನ್ನು ಒಂಬತ್ತೇ ದಿನ. ನಿಲ್ಲಿಸಿದ್ರೆ ಮೊದ್ಲಿಂದ."

ನಿಲ್ಲಿಸಲಿಲ್ಲ. ಆದರೆ ಅವಳ ಮನಸ್ಸು ನಿಲ್ಲಲಿಲ್ಲ. ದುಡಿಯುವ ಆಯುಧವನ್ನು ಹಬ್ಬದ ದಿನವೂ ದುಡಿಸಿದ ದೋಷಕ್ಕೆ ಏನಾದರೂ ಪರಿಹಾರ ಮಾಡಬೇಕಲ್ಲ? ಅಪ್ಪ ನೇಯ್ದು ಕೊಟ್ಟಿದ್ದ ಎರಡು ಗೇಣಗಲದ ರೇಷ್ಮೆಯ ತುಂಡು ತಂದಳು. ಹದಿನಾರಕ್ಕೂ ಹೊದಿಸುವಷ್ಟಿಲ್ಲ, ಹಿರಿಯನಿಗೆ ಸಲ್ಲಲಿ ಅಂತ ಹೆಡ್ ಮಿಷನ್ನಿನ ಮುಂಭಾಗಕ್ಕೆ ಅದನ್ನು ಹೊದಿಸಿ, ಅದರ ಮೇಲೆ ಸೇವಂತಿಗೆ ಹಾರ ಮೂರು ಸುತ್ತು ಸುತ್ತಿ, ಕೈ ಮುಗಿದು, ದೀಪ ಆರಿದ ಮೇಲೆ ಬಾಗಿಲು ಹಾಕಿಕೊಂಡು ಬಂದಳು. ಅದೇ ಮುಂಭಾಗದ ಜಾಲರಿಯಿಂದ ಮಿಷನ್ನು ತಣ್ಣಗಿನ ಗಾಳಿ ಎಳೆದುಕೊಳ್ಳುತ್ತದೆ ಅನ್ನುವುದು ಅವಳಿಗೆ ಗೊತ್ತಿರಲಿಲ್ಲವೇ? ಪಾಠ ಹೇಳುವಷ್ಟು ಗೊತ್ತಿತ್ತು. ಭಕ್ತಿಯ ಹೊತ್ತಿನಲ್ಲಿ ಗೊತ್ತಿದ್ದದ್ದು ಮರೆತಿತ್ತು.

ಮರುದಿನ ಬೆಳಿಗ್ಗೆ ಬಂದು ನೋಡಿದರೆ ರೇಷ್ಮೆ ಜಾಲರಿಗೆ ಅಂಟಿಕೊಂಡಿತ್ತು, ಒಳಗಿಂದ ಯಾರೋ ಬಟ್ಟೆಯ ಮೂಲಕ ಉಸಿರೆಳೆಯಲು ನೋಡಿ ಸೋತ ಹಾಗೆ. ಮಿಷನ್ನು ನಿಂತಿತ್ತು, ಒಳಗಿಂದ ಕಮರು ವಾಸನೆ. ಡಿಸ್ಕು ಮತ್ತೆ ತಿರುಗಲಿಲ್ಲ. ಎ.ಸಿ. ನಡೆಯುತ್ತಿತ್ತು, ಹದಿನಾರು ಮಿಷನ್ನಿನ ದೀಪವೂ ಉರಿಯುತ್ತಿತ್ತು. ಕರೆಂಟು ಒಂದು ನಿಮಿಷವೂ ಹೋಗಿರಲಿಲ್ಲ.

ಬಟ್ಟೆ, ಹಾರ ತೆಗೆದು ಊಟದ ಚೀಲಕ್ಕೆ ತುರುಕಿಕೊಂಡಳು. ಪುಸ್ತಕ ತೆಗೆದು ಬರೆದಳು: 'ರಾತ್ರಿ ಕರೆಂಟಿನ ಏರಿಳಿತ. ಹೆಡ್ ಮಿಷನ್ ನಿಂತಿದೆ.' ಕೆಲಸದ ಭಯಕ್ಕೆ ಬರೆದದ್ದಲ್ಲ ಅದು. ಅದನ್ನು ಅವಳು ತನ್ನೊಳಗೆ ಎಷ್ಟೋ ಸಲ ಜಾಲಾಡಿ ನೋಡಿದ್ದಳು. ಪೂಜೆ ಮಾಡಿದ್ದಕ್ಕೇ ಹುಡುಗನ ಓದು ಹಾಳಾಯಿತು ಅಂತ ನಾಲ್ಕು ಜನ ನಕ್ಕರೆ, ಆ ನಗು ದೇವರ ಮೇಲೆ ಬೀಳುತ್ತದಲ್ಲ ಅಂತ ಬರೆದದ್ದು. ದೇವರ ಮರ್ಯಾದೆ ಕಾಯುವುದಕ್ಕೆ ಸುಳ್ಳು ಬರೆದಳು, ಮಹರಾಯಿತಿ!

ಹೊಸ ಡಿಸ್ಕು ಬರುವುದಕ್ಕೆ ಒಂದೂವರೆ ತಿಂಗಳು ಹಿಡಿಯಿತು. ಓಬುಳೇಶನ ಗಡುವು ಅಷ್ಟರಲ್ಲಿ ಮುಗಿದಿತ್ತು. ಅವನು ಡಾಕ್ಟರ್ ಓಬುಳೇಶ್ ಆಗಲಿಲ್ಲ. ಅವಳು ಹಿಂದೂಪುರಕ್ಕೆ ವರ್ಗವಾಗಿ ಬಂದಾಗ ಅವಳ ಕುರ್ಚಿಗೆ ಕೂತ, ಅಲ್ಲೇ ಉಳಿದ.

ಈಗ ಆ ಸುಳ್ಳನ್ನು ತಳಪಾಯ ಮಾಡಿಕೊಂಡು ಅವನು ಹೊಸ ಕ್ಲಸ್ಟರು ಕಟ್ಟಲು ಹೊರಟಿದ್ದಾನೆ. ಒಂದೇ ಹೆಡ್ ಮಿಷನ್. ಅರವತ್ತನಾಲ್ಕು ಕಂಪ್ಯೂಟರು, ಎಷ್ಟೋ ಜನರ ವರ್ಷಗಟ್ಟಲೆ ಕೆಲಸ, ಎಲ್ಲ ಅದೊಂದರ ಉಸಿರಿನ ಮೇಲೆ.

*

ಮನೆಗೆ ಬಂದರೂ ಕೂತರೆ ಕೂರಲಾರಳು, ನಿಂತರೆ ನಿಲ್ಲಲಾರಳು. ಒಲೆ ಮೇಲಿಟ್ಟ ಹಾಲು ಉಕ್ಕಿತು. ದೇವರ ಮುಂದೆ ದೀಪ ಹಚ್ಚಿದವಳು ಬೆಂಕಿಕಡ್ಡಿ ಬೆರಳಿಗೆ ಬರುವ ತನಕ ಹಿಡಿದೇ ಇದ್ದಳು.

ಅಪ್ಪ ಜಯರಾಮಪ್ಪ ಜಗಲಿಯ ಮೇಲೆ ಕೂತು ನೂಲಿನ ಲಡಿಯ ಎಳೆ ಬಿಡಿಸುತ್ತಿದ್ದರು. ಮಗ್ಗ ಬಿಟ್ಟು ಹತ್ತು ವರ್ಷವಾದರೂ ಬೆರಳಿಗೆ ನೂಲು ಬೇಕು. ಬೀದಿಯ ಭಜನೆ ಮಂದಿರದಲ್ಲಿ ಶ್ರಾವಣದ ಕಾವ್ಯ ವಾಚನಕ್ಕೆ ಓದುವವರು ಅವರೇ. ಗಂಗಾದೇವಿ ಹುಟ್ಟಿದಾಗಿನಿಂದ ಕಂಬಕ್ಕೊರಗಿ ಕೇಳಿದವಳು. ಒಂದು ಪದ್ಯವನ್ನೂ ಬಾಯಿಬಿಟ್ಟು ಹಾಡಿದವಳಲ್ಲ, ಒಂದು ಪದ್ಯವನ್ನೂ ಮರೆತವಳಲ್ಲ.

"ಅಪ್ಪಯ್ಯ, ನೀನು ಓದೋವಾಗ ಒಂದು ಸಾಲು ತಪ್ಪಿದ್ರೆ ಏನ್ ಮಾಡ್ತೀಯ?"

"ನಿಲ್ಲಿಸ್ತೀನಿ. ತಪ್ಪಿದೆ ಅಂತೀನಿ. ಪದ್ಯದ ತಲೆಯಿಂದ ಮತ್ತೆ ಎತ್ಕೊಂತೀನಿ. ಗೊತ್ತಿಲ್ವ ನಿಂಗೆ?"

"ಯಾರೂ ಗಮನಿಸ್ಲಿಲ್ಲ ಅಂದ್ರೆ? ಹಂಗೇ ಮುಂದಕ್ಕೆ ಹೋದ್ರೆ?"

ಜಯರಾಮಪ್ಪ ಎಳೆಯನ್ನು ಹಲ್ಲಿನಲ್ಲಿ ಕಚ್ಚಿ ಹರಿದರು. "ಕೇಳೋರು ಗಮನಿಸಾಕಿಲ್ಲ ಕಣಮ್ಮ, ನಿದ್ದೆ ಮಾಡ್ತಿರ್ತಾರೆ. ಆದ್ರೆ ಪಕ್ಕದಾಗೆ ಅರ್ಥ ಹೇಳೋನು ಒಬ್ಬ ಕೂತಿರ್ತಾನಲ್ಲ? ಓದೋನು ಬಿಟ್ಟುಬಿಟ್ಟ ಸಾಲು ಅವ್ನಿಗೆ ಬೇಕು. ಸಿಗಾಕಿಲ್ಲ. ಸಿಕ್ಕಿದ್ದಕ್ಕೇ ಎಳೆದು ಬಗ್ಗಿಸಿ ಒಂದು ಅರ್ಥ ಕಟ್ತಾನೆ ಪಾಪ. ಜನ ಅದನ್ನೇ ಮನೆಗೆ ತಗೊಂಡು ಹೋಯ್ತಾರೆ. ಓದೋನ ತಪ್ಪು ಓದೋನ ಹತ್ರ ಇರಾಕಿಲ್ಲ, ಅರ್ಥ ಹೇಳೋನ ತಲೆಗೆ ಬತ್ತದೆ." ಆಮೇಲೆ ಮಗಳ ಮುಖ ನೋಡಿದರು. "ಯಾಕಮ್ಮಾ, ಶ್ರಾವಣದಾಗೆ ನೀನೇ ಓದ್ತೀಯೇನು? ನಂಗೆ ಸುಸ್ತಾದಾಗ ಓದೋ ಕದಿರಣ್ಣ ಗಂಟಲು ಕಟ್ಟಿದೆ ಅಂತಿದ್ದ."

"ಇಲ್ಲಪ್ಪಯ್ಯ. ನಾಳೆ ಕಲ್ಯಾಣದುರ್ಗಕ್ಕೆ ಹೋಗಿ ಬತ್ತೀನಿ."

"ಹೋಗಿ ಬಾ. ಮೊಸರನ್ನ ಕಟ್ಕೊ."

*

ಪೆನುಕೊಂಡದಲ್ಲಿ ಇಳಿದು ಬಸ್ಸು ಬದಲಾಯಿಸಿದಳು. ಕಿಟಕಿ ಪಕ್ಕ ಸೀಟು ಸಿಕ್ಕಿತು, ಬಿಸಿಲು ಬಂತು, ಆಚೆ ಬದಿಗೆ ಹೋದಳು, ಅಲ್ಲಿಗೂ ಬಂತು. ಹೇಳುವ ಮಾತನ್ನು ಮನಸ್ಸಿನಲ್ಲೇ ಜೋಡಿಸಿ ಜೋಡಿಸಿ ಕೆಡವಿದಳು. ಕೊನೆಗೆ ಒಂದು ಉಪಾಯ ಹೊಳೆದು ಸ್ವಲ್ಪ ಉಸಿರಾಡಿದಳು. ಹಳೆಯದನ್ನು ಕೆದಕುವುದೇ ಬೇಡ. ನಾಲ್ಕು ಸರ್ವರ್ ಯಾಕೆ ಬೇಕು ಅನ್ನುವುದಕ್ಕೆ ಬೇರೆ ಕಾರಣವಿಲ್ಲವೇ? ಬೇಕಾದಷ್ಟಿವೆ. ಅವನ್ನೇ ಹೇಳಿ ಅವನನ್ನು ಒಪ್ಪಿಸಿದರೆ ಆಯಿತು.

"ಅಕ್ಕಾ! ಇಂಥ ಬಿಸಿಲಾಗೆ ಬಂದ್ಬುಟ್ಟಿದೀಯಲ್ಲಕ್ಕ! ಒಂದು ಫೋನ್ ಮಾಡಿದ್ರೆ ನಾನೇ ಬತ್ತಿರಲಿಲ್ವ?" ಓಬುಳೇಶ್ ಮೆಟ್ಟಿಲಿಳಿದು ಬಂದು ಅವಳ ಚೀಲ ಕಿತ್ತುಕೊಂಡ. ಕಿವಿಯ ಹತ್ತಿರ ಕೂದಲು ನರೆತಿತ್ತು. "ಬಾ, ಮೊದ್ಲು ನನ್ನ ಮನೆದೇವ್ರನ್ನ ನೋಡು."

ಮನೆದೇವರು ಅಂದರೆ ಬ್ಯಾಟರಿ ಕೋಣೆ. ಮೂವತ್ತೆರಡು ಬ್ಯಾಟರಿ, ಒಂದೊಂದಕ್ಕೂ ಬಿಳಿ ಬಣ್ಣದಲ್ಲಿ ನಂಬರು. ಗೋಡೆಗೆ ತೂಗುಹಾಕಿದ ನೋಟು ಪುಸ್ತಕಗಳಲ್ಲಿ ನಾಲ್ಕು ವರ್ಷದ ವೋಲ್ಟೇಜು, ಹಗಲೆಲ್ಲ ಅರ್ಧರ್ಧ ಗಂಟೆಗೆ ಒಂದರಂತೆ, ಅವನದೇ ಕೈಬರಹದಲ್ಲಿ. ಗಂಗಾದೇವಿ ಒಂದು ಪುಸ್ತಕ ತೆಗೆದು ಎರಡು ಪುಟ ತಿರುವಿ ಮತ್ತೆ ತೂಗುಹಾಕಿದಳು.

ಕಸ ಗುಡಿಸುವ ಉಡುಸಲಮ್ಮ ಪೊರಕೆ ಹಿಡಿದೇ ಬಂದು ಬಾಗಿಲಲ್ಲಿ ನಿಂತಳು. "ಏಂ ಗಂಗಮ್ಮಾ, ಬಾಗುನ್ನಾವಾ? ಚೆಂದಾಗಿದೀಯಾ? ನೀನು ಹೋದ್ಮ್ಯಾಕೆ ಇಲ್ಲಿ ಪೂಜೆ ಇಲ್ಲ, ಪುನಸ್ಕಾರ ಇಲ್ಲ. ಒಳಗೆ ಹೂವು ತರಬ್ಯಾಡಿ ಅಂತ ನೀನು ಚೀಟಿ ಅಂಟಿಸಿ ಹೋದೆ, ಈವಯ್ಯ ಅದನ್ನೇ ಹಿಡ್ಕೊಂಡವ್ನೆ. ಬ್ಯಾಟರಿಗೆ ದಿನಾ ನೀರು, ದೇವ್ರಿಗೆ ಒಂದು ಹೂವು ಇಲ್ಲ."

"ದೇವ್ರು ಕರೆಂಟ್ ಕೊಡ್ತಾನೇನು ಉಡುಸಲಮ್ಮ?"

"ಕೊಡಾಕೆ ನಿಮ್ಮ ಮಾವ ಎರ್ರಪ್ಪ ಅವ್ನೆ ಬಿಡು."

ಓಬುಳೇಶನ ಮುಖ ಬಿಗಿದುಕೊಂಡಿತು. ಉಡುಸಲಮ್ಮ ನಾಲಿಗೆ ಕಚ್ಚಿಕೊಂಡು ಪೊರಕೆ ಎಳೆಯುತ್ತ ಹೋದಳು.

"ಎರ್ರಪ್ಪ ಮಾವ ಹೆಂಗವ್ರೆ?" ಗಂಗಾದೇವಿ ಕೇಳಿದಳು. ತಂದೆ ಇಲ್ಲದ ಓಬುಳೇಶನನ್ನು ಸಾಕಿದವನು ಆ ಸೋದರಮಾವ. ಊರಿನ ಲೈನ್‌ಮನ್.

"ಗೊತ್ತಿಲ್ಲಕ್ಕ. ಮಾತಾಡ್ಸಾಕಿಲ್ಲ ನಾನು. ಆವತ್ತು ಹಬ್ಬದ ಸೀರಿಯಲ್ ಲೈಟಿಗೆ ನಮ್ಮ ಲೈನಿಂದ ಎಳ್ಕೊಟ್ಟವ್ನೆ, ಅದಕ್ಕೇ ಕರೆಂಟು ಕುಣಿದಿರೋದು. ಕೇಳಿದ್ರೆ ದೇವರಾಣೆ ಇಲ್ಲ ಅಂತಾನೆ. ಪುಸ್ತಕದಾಗೆ ಬರೆದೈತಲ್ಲ ಮಾವ, ಗಂಗಕ್ಕ ಸುಳ್ಳು ಬರೀತಾಳಾ ಅಂದೆ. ಬಾಯಿ ಮುಚ್ಕೊಂಡ." ಅವನು ಏಳನೇ ನಂಬರಿನ ಬ್ಯಾಟರಿಯ ಧೂಳನ್ನು ಬೆರಳಿಂದ ಒರೆಸಿದ. "ನಾಕು ವರ್ಷ ಆಯ್ತು."

ಇದು ಅವಳಿಗೆ ಗೊತ್ತಿರಲಿಲ್ಲ. ಆದರೂ ಬೇರೆ ಕಾರಣಗಳನ್ನೇ ಕೈಗೆತ್ತಿಕೊಂಡಳು.

"ಓಬುಳೇಶಾ, ಲಾಗಿನ್ನು ಅಂದ್ರೆ ಸಂತೆ. ನೂರು ಜನ ಬತ್ತಾರೆ. ಯಾವನೋ ಕ್ಯೂನಲ್ಲಿ ಕಳಿಸೋ ಬದಲು ತನ್ನ ಲೆಕ್ಕಾನ ಅಲ್ಲೇ ಓಡಿಸ್ತಾನೆ, ಮೆಮೊರಿ ಎಲ್ಲ ನುಂಗಿಬಿಡ್ತಾನೆ. ಮ್ಯಾನೇಜ್‌ಮೆಂಟೂ ಅಲ್ಲೇ ಇದ್ರೆ ಅದೂ ಮುಳುಗ್ತದೆ."

"ಅಂಥವ್ನನ್ನ ಹಿಡಿದು ಉಗಿದು ಕಳಿಸ್ತೀನಿ. ಇಲ್ಲಿ ಅದನ್ನೇ ಮಾಡೋದು."

"ಡಿಸ್ಕು ಹೋದ್ರೆ?"

"ಕರೆಂಟು ಸರಿ ಇದ್ರೆ ಡಿಸ್ಕು ಯಾಕಕ್ಕ ಹೋಯ್ತದೆ? ಈ ಯುಪಿಎಸ್ ಹಾಕ್ದಾಗಿಂದ ಹೆಡ್ ಮಿಷನ್ ಒಂದು ಸಲಾನೂ ನಿಂತಿಲ್ಲ. ಒಂದೇ ಒಂದು ಸಲಾನೂ! ಒಂದೇ ಡಿಸ್ಕು, ಒಂದೇ ಮಿಷನ್ನು. ಇದಕ್ಕಿಂತ ಸಾಕ್ಷಿ ಬೇಕಾ?"

ಸಾಕ್ಷಿ ಗಟ್ಟಿಯಾಗಿಯೇ ಇತ್ತು. ನಾಲ್ಕು ವರ್ಷದಿಂದ ಅದರ ಬಾಯಿಗೆ ಯಾರೂ ಬಟ್ಟೆ ಕಟ್ಟಿಲ್ಲ ಅನ್ನುವುದನ್ನು ಅವನು ಹೇಗೆ ತಿಳಿಯಬೇಕು? ಒಂದೊಂದು ಕಾರಣ ಅವಳು ಮುಂದಿಟ್ಟಂತೆ ಅವನು ಎಂಬತ್ತೊಂದನೇ ಪುಟವನ್ನು ತೋರಿಸಿದ. ಅವನ ವಾದದಲ್ಲಿ ಒಂದು ಬಿರುಕೂ ಇಲ್ಲ. ಬಿರುಕು ಇದ್ದದ್ದು ತಳಪಾಯದಲ್ಲಿ, ಅದು ಅವಳ ಕೈಬರಹದಲ್ಲಿತ್ತು.

ಮೂರು ಗಂಟೆಯ ಬಸ್ಸು ಹತ್ತಿಸಲು ಅವನೇ ಜೊತೆಗೆ ಬಂದ. ಬಸ್ ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಚಹಾ ತಂದುಕೊಟ್ಟ. "ಬ್ಯಾಸರ ಮಾಡ್ಕೋಬ್ಯಾಡಕ್ಕ. ಗುರುವಾರ ಕಮಿಟಿಯಾಗೆ ನಿನ್ನ ಮಾತು ಮೀರಬೇಕಾಗ್ತದೆ ಅಂತ ನನಗೂ ಸಂಕಟ. ಆದ್ರೆ ನಂಗಾದದ್ದು ಇನ್ನೊಬ್ರಿಗೆ ಆಗಬಾರ್ದು, ಅಷ್ಟೇ."

ಬಸ್ಸು ಬಂತು. ಕಂಡಕ್ಟರು ಪೆನುಕೊಂಡ, ಪೆನುಕೊಂಡ ಅಂತ ತಗಡು ಬಡಿದ. ಗಂಗಾದೇವಿ ಒಂದು ಕಾಲು ಮೆಟ್ಟಿಲ ಮೇಲಿಟ್ಟಳು. ಇಟ್ಟವಳು ಕೆಳಗಿಳಿದಳು. ಕಂಡಕ್ಟರು ತೆಲುಗಿನಲ್ಲಿ ರೇಗಿದ: "ಎಕ್ಕಮ್ಮಾ ತಲ್ಲೀ, ಎಕ್ಕಿತೇ ಎಕ್ಕು, ಲೇಕಪೋತೇ ದಿಗು!" ಹತ್ತಿದರೆ ಹತ್ತು, ಇಲ್ಲದಿದ್ದರೆ ಇಳಿ ಅಂತ. ಅವಳು ಕೈಯಲ್ಲೇ ಹೋಗು ಅಂದಳು.

"ಓಬುಳೇಶಾ, ಆವತ್ತು ಕರೆಂಟಿಗೆ ಏನೂ ಆಗಿರಲಿಲ್ಲ."

"ಯಾವತ್ತು?"

"ಆಯುಧಪೂಜೆ ದಿನ. ನಾನು ಹೆಡ್ ಮಿಷನ್ನಿಗೆ ರೇಷ್ಮೆ ಹೊದಿಸಿದ್ದೆ. ಮುಂದಿನ ಜಾಲರಿಗೆ. ಅದರ ಮೇಲೆ ಹಾರ. ಉಸಿರು ಕಟ್ಟಿ ಬಿಸಿಯಾಗಿ ನಿಂತದ್ದು ಅದು. ಬೆಳಿಗ್ಗೆ ತೆಗೆದುಬಿಟ್ಟೆ. ಪುಸ್ತಕದಲ್ಲಿ ಬರೆದದ್ದು ಸುಳ್ಳು."

ಚಹಾದ ಲೋಟ ಅವನ ಕೈಯಲ್ಲೇ ಇತ್ತು. ಅವನು ಮೊದಲು ಸಿಟ್ಟಾಗಲಿಲ್ಲ. ಕೆಲಸದವನ ಹಾಗೆ ಪ್ರಶ್ನೆ ಕೇಳಿದ. "ಪೂರ್ತಿ ಮುಚ್ಚಿತ್ತಾ?"

"ಪೂರ್ತಿ."

"ಎಷ್ಟು ಗಂಟೆಗೆ ಹೊದಿಸಿದ್ದು?"

"ಸಂಜೆ ಆರಕ್ಕೆ."

"ಹಂಗಾದ್ರೆ ಎಂಟು ಒಂಬತ್ತಕ್ಕೆಲ್ಲ ನಿಂತಿರ್ತದೆ." ತನಗೆ ತಾನೇ ಹೇಳಿಕೊಂಡ ಹಾಗೆ ಹೇಳಿದ. ಆಮೇಲೆ, "ಯಾಕೆ ಹೊದಿಸ್ದೆ?"

"ನಿನ್ನ ಕೆಲ್ಸ ನಿಲ್ಲಿಸಬ್ಯಾಡ ಅಂದೆಯಲ್ಲ. ಹಬ್ಬದ ದಿನ ದುಡಿಸಿದ ದೋಷ ನಿನಗೆ ತಟ್ಟಬಾರದು ಅಂತ."

ಓಬುಳೇಶ್ ನಕ್ಕ. ಕೇಳುವುದಕ್ಕೆ ಕಷ್ಟವಾಗುವಂಥ ನಗು. ಲೋಟದ ಚಹಾ ನೆಲಕ್ಕೆ ಚೆಲ್ಲಿ, ಲೋಟವನ್ನು ಮರದ ಬುಡದಲ್ಲಿಟ್ಟ. "ಪಿಎಚ್.ಡಿ. ಹೋದ್ರೆ ಹೋಗ್ಲಿ. ಅದು ಹೋಗಿ ಹಳೇದಾಯ್ತು. ಎರ್ರಪ್ಪ ಮಾವ ನನ್ನನ್ನ ಹೆಗಲ ಮೇಲೆ ಹೊತ್ಕೊಂಡು ಸ್ಕೂಲಿಗೆ ಬಿಟ್ಟೋನು. ಅತ್ತೆ ಸತ್ತಾಗ ಬೀದಿಯಾಗೆ ನಿಂತು ನೋಡಿ ವಾಪಸ್ ಬಂದೆ ನಾನು, ಒಳಗೆ ಹೋಗ್ಲಿಲ್ಲ. ಗಂಗಕ್ಕ ಸುಳ್ಳು ಬರೀತಾಳಾ ಅಂದೆ ಅವ್ನಿಗೆ. ನಿನ್ನ ಹೆಸರು ಹಿಡಿದು ಅಂದೆ."

ಗಂಗಾದೇವಿ ಏನೋ ಅನ್ನಲು ಹೋದಳು. ಅವನು ಕೈ ಎತ್ತಿದ.

"ನಿಮ್ಮ ಬಸ್ಸು ಹೋಯ್ತು ಮೇಡಂ. ಮುಂದಿನದು ನಾಲ್ಕೂವರೆಗೆ ಇದೆ."

ಅಷ್ಟು ಹೇಳಿ ಬಿಸಿಲಿಗೆ ಇಳಿದು ಹೋದ. ಅಕ್ಕ ಅನ್ನುವುದನ್ನು ಬಿಟ್ಟು ಅವನು ಅವಳನ್ನು ಏನೂ ಕರೆದಿರಲಿಲ್ಲ, ಪರಿಚಯವಾದ ಎಂಟು ವರ್ಷದಲ್ಲಿ.

*

ಬುಧವಾರವೆಲ್ಲ ಫೋನು ಕಾದಳು. ಬರಲಿಲ್ಲ. ಅವನು ಕಮಿಟಿಗೇ ಬರುವುದಿಲ್ಲವೋ, ಬಂದು ಎಲ್ಲರ ಮುಂದೆ ಅವಳ ಮಾನ ಹರಾಜು ಹಾಕುತ್ತಾನೋ, ಒಂದೂ ಗೊತ್ತಿಲ್ಲ. ಜಪಕ್ಕೆ ಕೂತರೆ ನೂರೆಂಟು ಅನ್ನುವಷ್ಟರಲ್ಲಿ ಎಣಿಕೆ ಮೂರು ಕಡೆ ತಪ್ಪಿತು.

ಗುರುವಾರ ಹನ್ನೊಂದಕ್ಕೆ ಕಮಿಟಿ ಸೇರಿತು. ಅಶ್ವತ್ಥಪ್ಪನವರು, ಇಬ್ಬರು ಪ್ರೊಫೆಸರುಗಳು, ಟ್ರಸ್ಟಿನ ಕಡೆಯಿಂದ ಎಣ್ಣೆ ಗಾಣದ ಈರಲಿಂಗಪ್ಪ. ಓಬುಳೇಶ್ ಕೊನೆಗೆ ಬಂದ. ಕಂಕುಳಲ್ಲಿ ಹಳೆಯ ಲಾಗ್ ಪುಸ್ತಕ. ಅವಳ ಕಡೆ ನೋಡದೆ ಎದುರು ಕೂತ.

"ಹೇಳಪ್ಪ ಓಬುಳೇಶಾ, ನಿನ್ನ ಒಂದು ಮಿಷನ್ನಿನ ಕಥೆ," ಅಂದರು ಅಶ್ವತ್ಥಪ್ಪ.

"ಸರ್, ನನ್ನ ಕಾಗದ ವಾಪಸ್ ತಗೊಂತೀನಿ. ಅದರ ಆಧಾರ ಸರಿ ಇಲ್ಲ." ಪುಸ್ತಕ ತೆಗೆದು ಎಂಬತ್ತೊಂದನೇ ಪುಟ ಬಿಡಿಸಿ ಮೇಜಿನ ಮೇಲಿಟ್ಟು ಗಂಗಾದೇವಿಯ ಕಡೆಗೆ ತಿರುಗಿಸಿದ. "ಯಾಕೆ ಅಂತ ಮೇಡಂ ಹೇಳ್ತಾರೆ. ಅವರಿಗೆ ಇಷ್ಟ ಇದ್ರೆ."

ಹೇಳದೆ ಇರಬಹುದಿತ್ತು. ಲೆಕ್ಕ ತಪ್ಪಿತ್ತು ಅಂತ ಒಂದು ಮಾತಿನಲ್ಲಿ ದಾಟಬಹುದಿತ್ತು. ನಾಲ್ಕು ಸರ್ವರ್ ಹೇಗೂ ಬರುತ್ತಿದ್ದವು. ಗಂಗಾದೇವಿ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವಳು ರೇಷ್ಮೆಯಿಂದ ಹಿಡಿದು ಊಟದ ಚೀಲದವರೆಗೆ ಎಲ್ಲವನ್ನೂ ಹೇಳಿದಳು. ದೇವರ ಮರ್ಯಾದೆಗಾಗಿ ಬರೆದೆ ಅನ್ನುವುದನ್ನು ಮಾತ್ರ ಹೇಳಲಿಲ್ಲ. ಬಾಯಿಗೆ ಬಂದಾಗ ಅದು ನೆಪದ ಹಾಗೆ ಕೇಳಿಸೀತು ಅನ್ನಿಸಿತು.

ಈರಲಿಂಗಪ್ಪ ಕೆಮ್ಮಿದರು. "ಹಂಗಾದ್ರೆ ಬಟ್ಟೆ ಹೊದಿಸದಿದ್ರೆ ಆಯ್ತಲ್ಲಮ್ಮ. ಅದಕ್ಕೆ ನಾಕು ಮಿಷನ್ ಯಾಕೆ? ಒಂದು ಬೋರ್ಡು ಬರೆಸಿ, ಬಟ್ಟೆ ಹೊದಿಸಬೇಡಿ ಅಂತ."

ಒಬ್ಬ ಪ್ರೊಫೆಸರು ನಗು ತಡೆದುಕೊಂಡರು. ಗಂಗಾದೇವಿಗೆ ನಗು ಬರಲಿಲ್ಲ.

"ನಾನು ಹೊದಿಸಿದ್ದು ಬಟ್ಟೆ ಸರ್. ನಾಳೆ ಇನ್ನೊಬ್ಬರು ಚಹಾ ಚೆಲ್ತಾರೆ. ಇನ್ನೊಬ್ಬರು ತಪ್ಪು ವೈರು ಕೀಳ್ತಾರೆ. ಒಳ್ಳೇ ಮನಸ್ಸಿಂದ್ಲೇ ಮಾಡ್ತಾರೆ, ಕೆಟ್ಟ ಮನಸ್ಸಿನೋರು ಅಲ್ಲಿ ತನಕ ಬರೋದೇ ಇಲ್ಲ. ಒಬ್ಬರ ತಪ್ಪಿಗೆ ಎಲ್ಲರ ಕೆಲ್ಸ ಹೋಗಬಾರ್ದು. ಲಾಗಿನ್ ಮಿಷನ್ ಹತ್ರ ಎಲ್ರೂ ಬರ್ತಾರೆ, ಆದ್ರಿಂದ ಎರಡು, ಒಂದು ಬಿದ್ರೆ ಇನ್ನೊಂದರಿಂದ ಬರ್ಲಿ. ಮ್ಯಾನೇಜ್‌ಮೆಂಟ್ ಹತ್ರ ಯಾರೂ ಬರಬಾರ್ದು. ಬೇರೆ ಕೋಣೆ, ಬೇರೆ ಬೀಗ, ಒಂದೊಂದಕ್ಕೂ ಜೋಡಿ ಡಿಸ್ಕು. ಬೀಗದ ಕೈ ನನ್ನ ಹತ್ರಾನೂ ಇರೋದು ಬೇಡ."

"ಯುಪಿಎಸ್ಸು?" ಅಂದರು ಅಶ್ವತ್ಥಪ್ಪ.

"ಬೇಕು, ಇಷ್ಟು ದೊಡ್ಡದು ಬೇಡ," ಅಂದ ಓಬುಳೇಶ್. ನಾಲ್ಕು ವರ್ಷದಲ್ಲಿ ಅವನು ಆ ಮಾತು ಆಡಿದ್ದು ಅದೇ ಮೊದಲ ಸಲ.

ಎರಡು ಲಾಗಿನ್, ಎರಡು ಮ್ಯಾನೇಜ್‌ಮೆಂಟ್ ಅಂತ ಆಯಿತು. ಅಶ್ವತ್ಥಪ್ಪನವರು ಕನ್ನಡಕ ತೆಗೆದು ಒರೆಸಿದರು. "ಗಂಗಾ, ಈ ಹಳೇ ಸಂಗತಿ ಮಿನಿಟ್ಸಿಗೆ ಬೇಡ. ಇಲ್ಲಿಗೇ ಬಿಡೋಣ."

"ಬರೀಲಿ ಸರ್. ಇಲ್ಲದಿದ್ರೆ ಇನ್ನೊಬ್ಬರು ಈ ಪುಟ ಓದ್ತಾರೆ." ಅವಳು ಪೆನ್ನು ತೆಗೆದು ತನ್ನ ಸಾಲಿನ ಮೇಲೆ ಗೆರೆ ಎಳೆದು, ಕೆಳಗೆ ನಡೆದದ್ದನ್ನು ಬರೆದು, ಆವತ್ತಿನ ತಾರೀಕು ಹಾಕಿದಳು.

"ಬರೆಸಿದ ಮೇಲೆ ನಾನು ಸುಮ್ಮನಿರಾಕಾಗಲ್ಲ ಕಣಮ್ಮ," ಅಂದರು ಮೇಷ್ಟ್ರು. ದನಿ ಸಣ್ಣದಾಗಿತ್ತು. "ಟ್ರಸ್ಟಿನೋರು ಕೇಳ್ತಾರೆ. ಈ ಕ್ಲಸ್ಟರಿಗೆ ನಿನ್ನ ರುಜು ನಡೆಯಲ್ಲ. ಇನ್‌ಚಾರ್ಜ್ ಓಬುಳೇಶ್ ಆಗ್ಲಿ. ನಿನ್ನದು ಏನು ಅಂತ ಆಮೇಲೆ ನೋಡೋಣ."

ಹೇಳಿಬಿಟ್ಟರೆ ಎದೆ ಹಗುರವಾಗುತ್ತದೆ ಅಂತ ಅವಳು ಅಂದುಕೊಂಡಿದ್ದಳು. ಹಗುರವೇನೂ ಆಗಲಿಲ್ಲ. ಹೊರಗೆ ಬಂದು ಕಾರಿಡಾರಿನ ಆ ತುದಿಗೆ ನಡೆದಳು, ಈ ತುದಿಗೆ ಬಂದಳು. ಓಬುಳೇಶ್ ಬೆಂಚಿನ ಮೇಲೆ ಕೂತು ಸರ್ವರುಗಳ ಪಟ್ಟಿ ತೊಡೆಯ ಮೇಲಿಟ್ಟುಕೊಂಡಿದ್ದ. ಅವಳು ಬರೆದ ಪಟ್ಟಿ, ನಲವತ್ತೆರಡು ಸಾಲು.

"ಮಾವನ ಹತ್ರ..." ಅಂದಳು.

"ನಿನ್ನೆ ಹೋಗಿದ್ದೆ. ಬಾಗಿಲು ತೆಗೀಲಿಲ್ಲ. ಒಳಗೆ ರೇಡಿಯೋ ಹಾಡ್ತಿತ್ತು. ನಾಳೆ ಮತ್ತೆ ಹೋಯ್ತೀನಿ." ಅವನು ತಲೆ ಎತ್ತಲಿಲ್ಲ. "ಮೇಡಂ, ಲಾಗಿನ್ನಿಗೆ ಮೆಮೊರಿ ಹದಿನಾರು ಜಿ.ಬಿ. ಅಂತ ಬರೆದಿದೀರ. ಎಂಟು ಸಾಲ್ದಾ?"

"ಸಾಲ್ದು. ಹದಿನಾರು ಇರ್ಲಿ."

ಮೊದಲಾಗಿದ್ದರೆ ಅಷ್ಟಕ್ಕೇ ಅವನು ಟಿಕ್ ಹಾಕಿ ಮುಂದಿನ ಸಾಲಿಗೆ ಹೋಗುತ್ತಿದ್ದ. ಗಂಗಕ್ಕ ಹೇಳಿದ ಮೇಲೆ ಮುಗಿಯಿತು. ಈಗ ಪೆನ್ಸಿಲು ಹಾಳೆಯ ಮೇಲೆ ನಿಂತೇ ಇತ್ತು.

"ಯಾಕೆ? ಕಾರಣ ಹೇಳಿ."

ಅವಳು ಹೇಳಿದಳು. ದೊಡ್ಡ ದೊಡ್ಡ ಪ್ರೋಗ್ರಾಮುಗಳನ್ನು ಹತ್ತು ಜನ ಒಟ್ಟಿಗೆ ಅಲ್ಲಿ ಕಂಪೈಲ್ ಮಾಡುತ್ತಾರೆ, ಎಂಟಿದ್ದರೆ ಉಸಿರು ಕಟ್ಟುತ್ತದೆ. ಅವನು ಅದನ್ನು ಅಂಚಿನಲ್ಲಿ ಬರೆದುಕೊಂಡ. ಬರೆದದ್ದನ್ನು ಒಮ್ಮೆ ಓದಿದ. ಆಮೇಲೆ ಟಿಕ್ ಹಾಕಿದ.

"ಎರಡನೇದು. ಪ್ರೊಸೆಸರ್ ಲೆಕ್ಕದ ಮಿಷನ್ನುಗಳ ಜಾತಿಯದೇ ಇರಬೇಕು ಅಂತಿದೆ. ಯಾಕೆ?"

"ಇಲ್ಲಿ ತಯಾರು ಮಾಡಿದ ಪ್ರೋಗ್ರಾಮು ಅಲ್ಲಿ ಓಡಬೇಕಲ್ಲ."

"ಓಡದಿದ್ದ ಉದಾಹರಣೆ ಇದೆಯಾ? ನೀವು ಕಣ್ಣಾರೆ ನೋಡಿರೋದು?"

ಗಂಗಾದೇವಿ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ನೋಡಿದ್ದಳು. ಎಲ್ಲಿ, ಯಾವಾಗ, ಯಾರ ಪ್ರೋಗ್ರಾಮು ಅಂತ ನೆನಪು ಮಾಡಿಕೊಂಡು, ಒಂದು ಅಕ್ಷರ ಹೆಚ್ಚಾಗದಂತೆ, ಒಂದು ಅಕ್ಷರ ಕಡಿಮೆಯಾಗದಂತೆ ಹೇಳತೊಡಗಿದಳು. ಅವನು ನಿಧಾನವಾಗಿ ಬರೆದುಕೊಳ್ಳುತ್ತಿದ್ದ. ಇನ್ನು ನಲವತ್ತು ಸಾಲು ಬಾಕಿ ಇದ್ದವು.